ಸಾವಿರ ಗಜದಲ್ಲಿ ಗುಂಡು ಮೇಲೆ-ಕೆಳಗೆ ಚದುರುತ್ತಿದೆ: ತಕ್ಕಡಿ ಬದಲಿಸಬೇಕೇ?

ಫೀನಿಕ್ಸ್ ಕನ್ನಡಿಗ:
ನಮಸ್ಕಾರ. ಅರಿಜೋನಾದ ಬೆನ್ ಏವರಿ ರೇಂಜಿನಲ್ಲಿ ಎಫ್-ಟಿಆರ್ ಎಂಬ ದೂರಗುರಿ ಪಂದ್ಯದ ವಿಭಾಗದಲ್ಲಿ .308 ರೈಫಲ್ ಹಿಡಿದು ಗುರಿ ಹೊಡೆಯುತ್ತೇನೆ. ತೋಟೆಗಳನ್ನು ಮನೆಯಲ್ಲೇ ತುಂಬುತ್ತೇನೆ. 100 ಗಜದಲ್ಲಿ ಗುಂಡುಗಳು ಒಂದೇ ತೂತಿನಲ್ಲಿ ಹೋಗುತ್ತವೆ. 1000 ಗಜಕ್ಕೆ ಹೋದರೆ ಎಡ-ಬಲ ಹಿಡಿತದಲ್ಲಿರುತ್ತದೆ, ಮೇಲೆ-ಕೆಳಗೆ ಮಾತ್ರ ಸುಮಾರು 15 ಇಂಚು ಚದುರುತ್ತದೆ. ಹತ್ತು ಅಂಕದ ವೃತ್ತ ಇರುವುದೇ 10 ಇಂಚು. ಮದ್ದನ್ನು ಈಗ 0.1 ಗ್ರೇನ್‌ವರೆಗೆ (ಗ್ರೇನ್ ಎಂದರೆ ಗ್ರಾಮಿಗಿಂತ ತೀರ ಸಣ್ಣ ತೂಕ) ತೂಗುತ್ತಿದ್ದೇನೆ. ಒಂದೊಂದು ಕಾಳನ್ನೂ ತೋರಿಸುವ ದುಬಾರಿ ತಕ್ಕಡಿ ಕೊಳ್ಳಲೇ?

ಸರ್ರೆಯಿಂದ:
ಈಗಲೇ ಕೊಳ್ಳಬೇಡಿ. ನಾನು ಇಂಗ್ಲೆಂಡಿನ ಬಿಸ್ಲಿಯಲ್ಲಿ ಸ್ಟಿಕಲ್‌ಡೌನ್ ರೇಂಜಿನಲ್ಲಿ ಹೊಡೆಯುವವನು. ಮೊದಲು ಲೆಕ್ಕ ಹಾಕೋಣ. .308ರಲ್ಲಿ ಬುಲೆಟ್ ವೇಗ ಸೆಕೆಂಡಿಗೆ 10 ಅಡಿ ಹೆಚ್ಚು-ಕಡಿಮೆಯಾದರೆ 1000 ಗಜದಲ್ಲಿ ಸರಿಸುಮಾರು 3 ಇಂಚು ಎತ್ತರ ಬದಲಾಗುತ್ತದೆ. 0.1 ಗ್ರೇನ್ ಮದ್ದು ವೇಗವನ್ನು ಬದಲಿಸುವುದು ಐದಾರು ಅಡಿಯಷ್ಟೇ. ಅಂದರೆ ನಿಮ್ಮ ತಕ್ಕಡಿಯ ಪಾಲು ಸುಮಾರು ಎರಡು ಇಂಚು. ಉಳಿದದ್ದು ಬೇರೆಲ್ಲಿಂದಲೋ ಬರುತ್ತಿದೆ.

ನನ್ನ ಅನುಮಾನ ಕೇಸಿನ (ತೋಟೆಯ ಹಿತ್ತಾಳೆ ಕೊಳವೆ) ಕತ್ತಿನ ಮೇಲೆ. ಹಿತ್ತಾಳೆ ಪ್ರತಿ ಸಲ ಹೊಡೆದಾಗ ಹಿಗ್ಗಿ, ಮತ್ತೆ ತುಂಬುವಾಗ ಡೈ ಎಂಬ ಅಚ್ಚಿನಲ್ಲಿ ಕುಗ್ಗಿ ಗಡುಸಾಗುತ್ತಾ ಹೋಗುತ್ತದೆ. ಗಡುಸಾದ ಕತ್ತು ಬುಲೆಟ್ಟನ್ನು ಒಂದು ಬಗೆಯಲ್ಲಿ ಹಿಡಿಯುತ್ತದೆ, ಹದವಾದ ಕತ್ತು ಇನ್ನೊಂದು ಬಗೆಯಲ್ಲಿ. ಹಿಡಿತ ಬದಲಾದರೆ ಒತ್ತಡ ಏರುವ ರೀತಿಯೂ ಬದಲಾಗುತ್ತದೆ, ಅದರೊಂದಿಗೆ ವೇಗವೂ. ಬುಲೆಟ್ ಕೂರಿಸುವಾಗ ಪ್ರೆಸ್ಸಿನ ಹಿಡಿಯ ಮೇಲೆ ಅಂಗೈ ಇಟ್ಟು ನಿಧಾನವಾಗಿ ಒತ್ತಿ ನೋಡಿ. ಒಂದು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಮುಂದಿನದು ನಡುವೆ ತಡೆದು ಜಗ್ಗುತ್ತದೆ. ಜಗ್ಗಿದವುಗಳನ್ನು ಬೇರೆ ಡಬ್ಬಿಗೆ ಹಾಕಿ ಅಭ್ಯಾಸಕ್ಕೆ ಬಳಸಿ, ಪಂದ್ಯಕ್ಕೆ ಬೇಡ. ಕೇಸುಗಳ ಕತ್ತನ್ನು ಕಾಯಿಸಿ ಹದ ಮಾಡುತ್ತೀರಾ?

ಫೀನಿಕ್ಸ್ ಕನ್ನಡಿಗ:
ಇಲ್ಲ ಸರ್. ಹಳೆಯ ಮತ್ತು ಹೊಸ ಕೇಸುಗಳು ಒಂದೇ ಡಬ್ಬಿಯಲ್ಲಿವೆ. ಆದರೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನನಗೆ ಐದು ಗುಂಡಿಗೆ ಸೆಕೆಂಡಿಗೆ 12 ಅಡಿಯಷ್ಟೇ ವ್ಯತ್ಯಾಸ ಬಂದಿತ್ತು. ನಿಮ್ಮ ಮದ್ದಿನ ಅಳತೆಯನ್ನೂ ತಿಳಿಸುವಿರಾ?

ಸರ್ರೆಯಿಂದ:
ಐದು ಗುಂಡಿನ ಲೆಕ್ಕ ನಂಬುವಂಥದ್ದಲ್ಲ. ಅದೇ ತೋಟೆಗಳನ್ನು ಇಪ್ಪತ್ತು ಹೊಡೆದರೆ ವ್ಯತ್ಯಾಸ ಹಿಗ್ಗುತ್ತದೆ. ಒಂದೇ ಬ್ಯಾಚಿನಲ್ಲಿ ತಯಾರಾದ, ಸಮಾನ ಸಲ ಹೊಡೆದ ಕೇಸುಗಳನ್ನು ಬೇರ್ಪಡಿಸಿ, ಕತ್ತು ಹದ ಮಾಡಿ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಕೂರುವ ಗುಂಡಿಯ ಮಸಿ ತೆಗೆದು, ಪ್ರೈಮರ್ ತಳ ಮುಟ್ಟುವಂತೆ ಕೂರಿಸಿ. ಆಮೇಲೆ ಇಪ್ಪತ್ತು ಹೊಡೆದು ಅಳೆಯಿರಿ.

ಅಳತೆ ಮಾತ್ರ ಕೊಡುವುದಿಲ್ಲ, ಬೇಸರ ಬೇಡ. ನನ್ನ ನಳಿಗೆ ಬೇರೆ, ಕೇಸಿನ ಒಳಗಾತ್ರ ಬೇರೆ. ನನಗೆ ಸುರಕ್ಷಿತವಾದದ್ದು ನಿಮ್ಮ ರೈಫಲಿಗೆ ಮಿತಿಮೀರಿದ ಒತ್ತಡವಾಗಬಹುದು. ಮದ್ದು ತಯಾರಕರ ಕೈಪಿಡಿಯಲ್ಲಿರುವ ಆರಂಭದ ಅಳತೆಯಿಂದಲೇ ಮೇಲೇರಿ. ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಲಿ.

ಹೂಸ್ಟನ್ ಓದುಗ:
ಒಂದು ಸೇರಿಸುತ್ತೇನೆ. ಫೀನಿಕ್ಸ್ ಬಿಸಿಲಿನಲ್ಲಿ ಗಾಳಿ ನೋಡುತ್ತಾ ತೋಟೆಯನ್ನು ನಳಿಗೆಯ ಕಾದ ಚೇಂಬರಿನಲ್ಲೇ ಬಿಡಬೇಡಿ. ಮದ್ದು ಬಿಸಿಯಾಗಿ ವೇಗ ಏರುತ್ತದೆ, ಗುಂಡು ಮೇಲೆ ಬೀಳುತ್ತದೆ. ಗಾಳಿ ನೋಡಿದ ಮೇಲೆ ತೋಟೆ ಹಾಕಿ. ಅಡ್ಡಗಾಳಿಯೂ ಸ್ವಲ್ಪ ಎತ್ತರ ಬದಲಿಸುತ್ತದೆ: ಗುಂಡನ್ನು ಬಲಕ್ಕೆ ಸುತ್ತಿಸುವ ನಳಿಗೆಯಾದರೆ ಬಲದಿಂದ ಬೀಸುವ ಗಾಳಿ ಗುಂಡನ್ನು ಎಡಕ್ಕೆ ಮತ್ತು ತುಸು ಮೇಲಕ್ಕೆ ಒಯ್ಯುತ್ತದೆ.

ವಿರಾಜಪೇಟೆ:
ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ಇಲ್ಲಿ ತೋಟೆ ತುಂಬಬಹುದೇ?

ಸರ್ರೆಯಿಂದ:
ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಬೇಕು. ಅದಿಲ್ಲದೆ ಕೈ ಹಾಕಬೇಡಿ.

ಫೀನಿಕ್ಸ್ ಗೆಳೆಯರೇ, ಬೇರ್ಪಡಿಸಿದ ಕೇಸುಗಳಿಂದ ಹೊಡೆದಾಗ ಪ್ರತಿ ಗುಂಡಿನ ವೇಗದ ಪಕ್ಕದಲ್ಲಿ ಅದು ಗುರಿಯಲ್ಲಿ ಬಿದ್ದ ಎತ್ತರವನ್ನೂ ಬರೆದಿಡಿ. ವೇಗದ ಗುಂಡುಗಳೇ ಮೇಲೆ ಬಿದ್ದಿದ್ದರೆ ದೋಷ ತೋಟೆಯಲ್ಲಿದೆ. ಎರಡಕ್ಕೂ ತಾಳೆಯಾಗದಿದ್ದರೆ ಬೈಪಾಡ್ (ರೈಫಲ್ ಮುಂಭಾಗದ ಎರಡು ಕಾಲಿನ ಆಸರೆ) ಮತ್ತು ಭುಜದ ಒತ್ತಡ ನೋಡಬೇಕಾಗುತ್ತದೆ. ಆ ಪಟ್ಟಿಯನ್ನು ಇಲ್ಲಿ ಹಾಕಿ, ಕೂತು ನೋಡೋಣ.