ಸನ್‌ಬ್ರೇಕ್ ವಿಸ್ತರಣೆ: ಒಬ್ಬರೇ ಆಡುವವರಿಗೆ ಅದರಲ್ಲಿ ಹೊಸದೇನಿದೆ?

ಪ್ರಶ್ನೆ: ಭಾರದ ಖಡ್ಗ

ನಾನು ನಿಂಟೆಂಡೊ ಸ್ವಿಚ್‌ನಲ್ಲಿ ‘ಮಾನ್‌ಸ್ಟರ್ ಹಂಟರ್ ರೈಸ್’ ಎಂಬ ಮೃಗಬೇಟೆಯ ಆಟದ ಹಳ್ಳಿಯ ಕ್ವೆಸ್ಟ್‌ಗಳನ್ನೆಲ್ಲ ಮುಗಿಸಿ ಅಲ್ಲಿಗೇ ನಿಲ್ಲಿಸಿದ್ದೇನೆ. ಅಪರಿಚಿತರ ಜೊತೆ ಆನ್‌ಲೈನ್ ಬೇಟೆಗೆ ಹೋಗುವುದು ನನಗೆ ಒಗ್ಗದ ಕಾರಣ, ಹಲವರು ಸೇರಿಯೂ ಆಡಬಹುದಾದ ಹಬ್ ಕ್ವೆಸ್ಟ್‌ಗಳನ್ನು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ. ಈಗ ‘ಸನ್‌ಬ್ರೇಕ್’ ವಿಸ್ತರಣೆಯನ್ನು ಕೊಳ್ಳುವ ಯೋಚನೆಯಿದೆ. ಅದೇ ಮೃಗಗಳಿಗೆ ಹೆಚ್ಚು ಪ್ರಾಣಬಲ ತುಂಬಿ ಮಾಸ್ಟರ್ ರ‍್ಯಾಂಕ್ ಎಂಬ ಕಠಿಣ ಹಂತವೆಂದು ಹೆಸರಿಟ್ಟಿದ್ದರೆ ನನಗೆ ಅದು ಬೇಡ. ಬೇಟೆಯಾಡುವ ರೀತಿಯೇ ಬದಲಾಗಿದೆಯೆ? ನಾನು ಬಳಸುವುದು ಗ್ರೇಟ್ ಸ್ವೋರ್ಡ್ ಎಂಬ ಭಾರಿ ಖಡ್ಗ ಮಾತ್ರ. ಒಬ್ಬರೇ ಆಡುವವರಿಗೆ ಏನು ಸಿಗುತ್ತದೆ ಎಂಬುದನ್ನು ಬಲ್ಲವರು ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಎಲ್ಗಾಡೊ ನಿವಾಸಿ

ಮೊದಲು ಒಂದು ಎಚ್ಚರಿಕೆ. ಸನ್‌ಬ್ರೇಕ್ ಸ್ವತಂತ್ರ ಆಟವಲ್ಲ. ರೈಸ್ ಇದ್ದರೆ ಮಾತ್ರ ನಡೆಯುತ್ತದೆ. ಅಷ್ಟೇ ಅಲ್ಲ, ಹಳ್ಳಿಯ ಕ್ವೆಸ್ಟ್‌ಗಳು ಮುಗಿದಿದ್ದರೂ ಅದು ತೆರೆದುಕೊಳ್ಳುವುದಿಲ್ಲ. ಹಬ್‌ನ 7 ನಕ್ಷತ್ರದ ಹಂತದಲ್ಲಿ ನಾರ್ವಾ ಎಂಬ ಗುಡುಗಿನ ಸರ್ಪವನ್ನು ಸೋಲಿಸಿದ ಮೇಲೆಯೇ ನಿಮ್ಮನ್ನು ಎಲ್ಗಾಡೊ ಎಂಬ ಹೊಸ ಠಾಣೆಗೆ ಕರೆದೊಯ್ಯುತ್ತಾರೆ. ಕೊಂಡ ದಿನವೇ ಹೊಸ ನೆಲದ ಮೇಲೆ ಕಾಲಿಡಬಹುದೆಂದು ಎಣಿಸಿದವರಿಗೆ ಇದು ನಿರಾಸೆ ತರುತ್ತದೆ. ಆದರೆ ಹಬ್ ಎಂದರೆ ಆನ್‌ಲೈನ್ ಎಂದೇ ಅರ್ಥವಲ್ಲ. ಒಬ್ಬರೇ ಹೋದರೆ ಮೃಗಗಳ ಪ್ರಾಣಬಲ ಒಬ್ಬ ಬೇಟೆಗಾರನಿಗೆ ಹೊಂದುವಷ್ಟಕ್ಕೆ ಇಳಿಯುತ್ತದೆ. ಹಳ್ಳಿಯಲ್ಲಿ ಮುಂದೆ ಹೋದವರಿಗೆ ವಿಶೇಷ ಪರವಾನಗಿ ಪರೀಕ್ಷೆಗಳಿರುವುದರಿಂದ, ಅವುಗಳನ್ನು ಗೆದ್ದರೆ ಹಬ್‌ನ ಕೆಳ ಹಂತಗಳನ್ನು ಬಿಟ್ಟು ನೇರವಾಗಿ ಮೇಲೇರಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಬೇಟೆಯ ರೀತಿಯನ್ನು ನಿಜವಾಗಿ ಬದಲಿಸಿರುವುದು ಸ್ವಿಚ್ ಸ್ಕಿಲ್ ಸ್ವಾಪ್ ಎಂಬ ಸೌಲಭ್ಯ. ರೈಸ್‌ನಲ್ಲಿ ಯಾವ ಸ್ವಿಚ್ ಸ್ಕಿಲ್ (ಆಯುಧದ ಬದಲಿ ಚಲನೆ) ಬೇಕೆಂಬುದನ್ನು ಬೇಟೆಗೆ ಹೊರಡುವ ಮೊದಲೇ, ಅಥವಾ ಬಿಡಾರಕ್ಕೆ ಮರಳಿ, ತೀರ್ಮಾನಿಸಬೇಕಿತ್ತು. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಟ್ಟಂತೆಯೇ. ಸನ್‌ಬ್ರೇಕ್‌ನಲ್ಲಿ ಕೆಂಪು ಸುರುಳಿ, ನೀಲಿ ಸುರುಳಿ ಎಂದು ಎರಡು ಜೋಡಣೆಗಳನ್ನು ಮಾಡಿಟ್ಟುಕೊಂಡು, ಮೃಗ ಎದುರಿಗಿರುವಾಗಲೇ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಹಾಗೆ ದಾಟಿದ ಕೂಡಲೇ ಬೇಕಾದ ದಿಕ್ಕಿಗೆ ಜಾರಿಕೊಳ್ಳುವ ಸ್ವಾಪ್ ಇವೇಡ್ ಕೂಡ ಇದೆ. ಗ್ರೇಟ್ ಸ್ವೋರ್ಡ್ ಹಿಡಿದವರಿಗೆ ಇದರ ಬೆಲೆ ಹೆಚ್ಚೆಂದೇ ನನ್ನ ಅಭಿಪ್ರಾಯ. ನಿಮಗೆ ಸರ್ಜ್ ಸ್ಲ್ಯಾಶ್ ಎಂಬ ಹೊಸ ಸರಣಿ ಸಿಗುತ್ತದೆ. ಅದರಲ್ಲಿ ಬಲ ತುಂಬಿಸುತ್ತ ನಿಂತು ಕಾಯಬೇಕಾಗಿಲ್ಲ. ಖಡ್ಗ ಬೀಸುತ್ತಿರುವಾಗ ಸಣ್ಣಪುಟ್ಟ ಹೊಡೆತಗಳು ನಿಮ್ಮನ್ನು ತಡೆಯುವುದೂ ಇಲ್ಲ. ಮೃಗ ಓಡಾಡುತ್ತಿರುವಾಗ ಈ ಸರಣಿಯಲ್ಲಿದ್ದು, ಅದು ಕುಸಿದು ಬಿದ್ದ ತಕ್ಷಣ ಸುರುಳಿ ಬದಲಿಸಿ, ಬಲ ತುಂಬಿಸಿ ಹೊಡೆಯುವ ಹಳೆಯ ಚಾರ್ಜ್ಡ್ ಸ್ಲ್ಯಾಶ್‌ಗೆ ಮರಳುವುದು ನಾನು ಅನುಸರಿಸುವ ಕ್ರಮ. ಎದುರಿನ ಏಟನ್ನು ತಾಳಿ ಮರುಹೊಡೆತ ಕೊಡುವ ಸ್ಟ್ರಾಂಗ್‌ಆರ್ಮ್ ಸ್ಟಾನ್ಸ್ ಕೂಡ ಸೇರಿದೆ. ಆದರೆ ಅದಕ್ಕೆ ಸಮಯದ ಲೆಕ್ಕ ಕೈಗೆ ಹತ್ತಿರಬೇಕು.

ಮೃಗಗಳ ಬಗ್ಗೆ ಹೇಳುವುದಾದರೆ, ರೈಸ್ ಜಪಾನಿನ ಯೋಕಾಯ್ (ಭೂತಪ್ರೇತ) ಕಥೆಗಳಿಂದ ಸ್ಫೂರ್ತಿ ಪಡೆದಿದ್ದರೆ ವಿಸ್ತರಣೆಯು ಪಶ್ಚಿಮದ ಭಯದ ಕಥೆಗಳ ಕಡೆಗೆ ತಿರುಗಿದೆ. ‘ಮೂವರು ಒಡೆಯರು’ ಎನಿಸಿದ ಪ್ರಮುಖ ಮೃಗಗಳಲ್ಲಿ ಲೂನಾಗಾರಾನ್ ತೋಳಮಾನವನ ಛಾಯೆಯದು, ಗಾರಂಗೋಲ್ಮ್ ಬಂಡೆಯಂಥ ಮೈಯುಳ್ಳದ್ದು, ಮಾಲ್ಜೆನೊ ರಕ್ತಪಿಶಾಚಿಯಂಥ ಡ್ರ್ಯಾಗನ್. ಮಾಲ್ಜೆನೊದ ಕೆಲವು ಹೊಡೆತಗಳಿಂದ ಬ್ಲಡ್‌ಬ್ಲೈಟ್ ತಗಲುತ್ತದೆ. ಆಗ ನಿಮ್ಮ ಪ್ರಾಣಬಲ ಸೋರುತ್ತ ಹೋಗುತ್ತದೆ, ಆದರೆ ಹೊಡೆಯುತ್ತಿದ್ದರೆ ಮರಳಿ ತುಂಬಿಕೊಳ್ಳುತ್ತದೆ. ಹಿಂದೆ ಸರಿದು ಔಷಧ ಕುಡಿಯುವ ಅಭ್ಯಾಸವನ್ನೇ ಈ ಒಂದು ನಿಯಮ ತಲೆಕೆಳಗು ಮಾಡುತ್ತದೆ. ಹೀಗಾಗಿ ಬರೀ ಪ್ರಾಣಬಲ ಹೆಚ್ಚಿಸಿದ್ದಾರೆಂಬ ದೂರು ಇಲ್ಲಿ ನಿಲ್ಲುವುದಿಲ್ಲ. ಹೊಸ ಬೇಟೆ ನೆಲಗಳು ಎರಡು: ಸಿಟಡೆಲ್, ಹಾಗೂ ಸರಣಿಯ ಹಳೆಯ ಆಟಗಳಿಂದ ಮರಳಿ ಬಂದ ಜಂಗಲ್.

ಉತ್ತರ: ಮೌನ ಬೇಟೆ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಬ್ಬರೇ ಆಡುವವರಿಗೆ ಸುರುಳಿಗಳಿಗಿಂತ ದೊಡ್ಡ ಕೊಡುಗೆ ಫಾಲೋವರ್‌ಗಳು. ಫಿಯೊರೇನ್, ಉತ್ಸುಶಿ, ಹಿನೋವಾ, ಮಿನೋಟೊ ಮುಂತಾದ ಕಥೆಯ ಪಾತ್ರಗಳೇ ನಿಮ್ಮೊಡನೆ ಬೇಟೆಗೆ ಬರುತ್ತಾರೆ. ಫಾಲೋವರ್ ಕೊಲಾಬ್ ಕ್ವೆಸ್ಟ್‌ಗಳಲ್ಲಿ ಯಾರು ಬರುವರೆಂಬುದನ್ನು ಆಟವೇ ನಿಗದಿಪಡಿಸಿರುತ್ತದೆ. ಸಪೋರ್ಟ್ ಸರ್ವೆಗಳಲ್ಲಿ ಜೊತೆಗಾರರನ್ನು ನೀವೇ ಆರಿಸಬಹುದು. ಇವರು ಹೆಸರಿಗಷ್ಟೇ ನಿಂತಿರುವವರಲ್ಲ. ಗಾಯಗೊಂಡಾಗ ಗುಣಪಡಿಸುತ್ತಾರೆ, ಬೋನು ಹಾಕುತ್ತಾರೆ, ಒಂದು ಮೃಗದ ಮೇಲೇರಿ ಇನ್ನೊಂದಕ್ಕೆ ಗುದ್ದಿಸುತ್ತಾರೆ. ಮುಖ್ಯವಾದ ಸಂಗತಿಯೆಂದರೆ, ಅವರು ಕುಸಿದರೂ ಸ್ವಲ್ಪ ಹೊತ್ತಿನಲ್ಲಿ ಮರಳಿ ಬರುತ್ತಾರೆ ಮತ್ತು ಅದು ನಿಮ್ಮ ಮೂರ್ಛೆಗಳ ಲೆಕ್ಕಕ್ಕೆ ಸೇರುವುದಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಮೂರು ಬಾರಿ ಬಿದ್ದು ಕ್ವೆಸ್ಟ್ ಸೋತ ಕಹಿ ಇಲ್ಲಿಲ್ಲ. ಮೃಗದ ಗಮನ ಆಗಾಗ ಅವರ ಕಡೆಗೆ ತಿರುಗುವುದರಿಂದ ಗ್ರೇಟ್ ಸ್ವೋರ್ಡ್‌ನಲ್ಲಿ ಪೂರ್ತಿ ಬಲ ತುಂಬಿಸಲು ಬೇಕಾದ ಬಿಡುವೂ ಸಿಗುತ್ತದೆ. ಅವರು ಮಾತು ನಿಲ್ಲಿಸುವುದೇ ಇಲ್ಲವೆಂಬುದೊಂದೇ ನನ್ನ ತಕರಾರು.

ಆದರೆ ಕಥೆಯ ಎಲ್ಲ ಕ್ವೆಸ್ಟ್‌ಗಳಿಗೂ ಅವರನ್ನು ಕರೆದೊಯ್ಯಬಹುದೆಂದು ಭಾವಿಸಬೇಡಿ. ಕಥೆಯ ತುರ್ತು ಬೇಟೆಗಳಲ್ಲಿ ಬಹುಪಾಲು ನಿಮ್ಮ ಸಾಕು ಬೆಕ್ಕು, ನಾಯಿಗಳಾದ ಪಾಲಿಕೊ, ಪಾಲಮ್ಯೂಟ್‌ಗಳೇ ಜೊತೆ.

ಉತ್ತರ: ಹಳೆಯ ಕತ್ತಿ

ಹೊಗಳಿಕೆಯ ನಡುವೆ ಒಂದು ಭಿನ್ನಾಭಿಪ್ರಾಯಕ್ಕೂ ಜಾಗವಿರಲಿ. ಕೊನೆಯ ಮೃಗ ಗಾಯಿಸ್ಮಗಾರ್ಮ್ ಸೋತು ಕಥೆ ಮುಗಿದ ಮೇಲೆ, ಮಾಸ್ಟರ್ ರ‍್ಯಾಂಕ್ 10ರಿಂದ ಅನಾಮಲಿ ಕ್ವೆಸ್ಟ್‌ಗಳು ತೆರೆಯುತ್ತವೆ. ಕ್ಯೂರಿಯೊ ಎಂಬ ರಕ್ತಹೀರುಕ ಜೀವಿಗಳು ಮೆತ್ತಿಕೊಂಡ ಮೃಗಗಳ ಮೈಮೇಲೆ ಕೆಂಪಗೆ ಹೊಳೆಯುವ ಜಾಗಗಳು ಕಾಣಿಸುತ್ತವೆ. ಅವುಗಳನ್ನು ಒಡೆದರೆ ಮೃಗ ತತ್ತರಿಸುತ್ತದೆ, ತಡಮಾಡಿದರೆ ದೊಡ್ಡ ಸ್ಫೋಟ ಕಾದಿರುತ್ತದೆ. ಮೊದಲ ಹಂತದಲ್ಲೇ ಆರ್ಜುರೋಸ್ ಎಂಬ ಪಾಪದ ಕರಡಿ ಹೀಗೆ ಉಗ್ರರೂಪ ತಾಳಿ ಬಂದಾಗ ನಗಬೇಕೋ ಓಡಬೇಕೋ ತಿಳಿಯುವುದಿಲ್ಲ. ಬೇಟೆ ಚೆನ್ನಾಗಿಯೇ ಇದೆ. ಆದರೆ ಅಲ್ಲಿ ದೊರೆತ ಸಾಮಗ್ರಿಯಿಂದ ಮಾಡುವ ಕ್ಯೂರಿಯಸ್ ಕ್ರಾಫ್ಟಿಂಗ್‌ನಲ್ಲಿ ಕವಚಕ್ಕೆ ಯಾವ ಸ್ಕಿಲ್ ಸೇರುತ್ತದೆ, ಯಾವುದು ಕಡಿಮೆಯಾಗುತ್ತದೆ ಎಂಬುದು ಪೂರ್ತಿ ಅದೃಷ್ಟದ ಮಾತು. ಬೇಟೆಯಲ್ಲಿ ತೋರಿದ ಕೌಶಲಕ್ಕೆ ಫಲವಾಗಿ ಚೀಟಿ ಎತ್ತಿಸಿದರೆ ನನಗೆ ಸಮಾಧಾನವಾಗುವುದಿಲ್ಲ. ಪ್ರಶ್ನೆ ಕೇಳಿದವರು ಈ ಭಾಗಕ್ಕಾಗಿ ಕೊಳ್ಳದೆ, ಕಥೆಗಾಗಿ ಮತ್ತು 2022ರ ಆಗಸ್ಟ್‌ನಿಂದ 2023ರ ಜೂನ್‌ವರೆಗೆ ಉಚಿತ ಅಪ್‌ಡೇಟ್‌ಗಳಲ್ಲಿ ಸೇರಿದ ಮೃಗಗಳಿಗಾಗಿ ಕೊಳ್ಳುವುದು ಒಳ್ಳೆಯದು. ಆ ಪಟ್ಟಿಯಲ್ಲಿ ವೆಲ್ಖಾನಾ, ಅಮಾತ್ಸು ಮೊದಲಾದವು ಇವೆ.

ಪ್ರಶ್ನೆ ಕೇಳಿದವರು: ಭಾರದ ಖಡ್ಗ

ಎಲ್ಲರಿಗೂ ಧನ್ಯವಾದಗಳು. ಸುರುಳಿಗಳ ವಿವರ ಓದಿದ ಮೇಲೆ ಕೊಳ್ಳುವ ಮನಸ್ಸು ಗಟ್ಟಿಯಾಗಿದೆ. ಇನ್ನೆರಡು ಸಂಶಯಗಳಿವೆ. ಹೊಸಬರಿಗೆ ಆಟ ಉಚಿತವಾಗಿ ಕೊಡುವ ಡಿಫೆಂಡರ್ ಆಯುಧಗಳನ್ನು ಹಿಡಿದು ಹಬ್ ಹಂತವನ್ನು ಬೇಗ ದಾಟಿಬಿಡಬಹುದೆ? ಮುಂದೆ ಕೈಯಲ್ಲಿ ಹಿಡಿಯುವ ಪಿಸಿಗೆ ಬದಲಾದರೆ ಸ್ವಿಚ್‌ನ ಸೇವ್ ಅಲ್ಲಿಗೆ ಬರುತ್ತದೆಯೆ?

ಉತ್ತರ: ಎಲ್ಗಾಡೊ ನಿವಾಸಿ

ಡಿಫೆಂಡರ್ ಆಯುಧಗಳಿಂದ ಬೇಗ ದಾಟಬಹುದು, ಅವುಗಳ ಉದ್ದೇಶವೇ ಅದು. ಆದರೆ ಅವು ಬಲವಾಗಿರುವ ಕಾರಣ ಮೃಗ ತನ್ನ ಚಲನೆಗಳನ್ನೆಲ್ಲ ತೋರಿಸುವ ಮೊದಲೇ ಬೇಟೆ ಮುಗಿದುಹೋಗುತ್ತದೆ. ಮಾಸ್ಟರ್ ರ‍್ಯಾಂಕ್ ತಲುಪಿದಾಗ ಆ ಚಲನೆಗಳನ್ನು ಅರಿಯದೆ ನಿಲ್ಲುವುದು ಕಷ್ಟ. ನಿಮ್ಮ ಸ್ವಂತ ಖಡ್ಗದಿಂದಲೇ ಹೋಗಿ, ಒಂದೇ ಬೇಟೆಯಲ್ಲಿ ತೀರಾ ಸಿಕ್ಕಿಹಾಕಿಕೊಂಡರೆ ಮಾತ್ರ ಅವುಗಳನ್ನು ತೆಗೆದುಕೊಳ್ಳಿ.

ಸೇವ್ ವರ್ಗಾವಣೆ ಸಾಧ್ಯವಿಲ್ಲ. ಸ್ವಿಚ್ ಮತ್ತು ಪಿಸಿ ಆವೃತ್ತಿಗಳ ನಡುವೆ ಸೇವ್ ಹಂಚಿಕೆಯೂ ಇಲ್ಲ, ಒಟ್ಟಿಗೆ ಆಡುವ ಅವಕಾಶವೂ ಇಲ್ಲ. ವಿಸ್ತರಣೆಯನ್ನೂ ಅಲ್ಲಿ ಬೇರೆಯಾಗಿಯೇ ಕೊಳ್ಳಬೇಕು. ಸ್ವಿಚ್‌ನಲ್ಲಿ ಆಟ ಸೆಕೆಂಡಿಗೆ 30 ಫ್ರೇಮ್‌ಗಳಲ್ಲಿ ನಡೆಯುತ್ತದೆ, ಪಿಸಿಯಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯ. ಆದ್ದರಿಂದ ಬದಲಾಯಿಸುವುದು ಖಚಿತವಾಗಿದ್ದರೆ ಹಬ್ ಕ್ವೆಸ್ಟ್‌ಗಳಿಗೆ ಕೈ ಹಾಕುವ ಮೊದಲೇ ಬದಲಾಯಿಸಿ.