ಸ್ಪೀಕರ್ ವೈರ್ ಕಿತ್ತರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಉಳಿಯುತ್ತಾ?

ಕಲಬುರಗಿ_ವಾಲ್ವ್:
ನಮಸ್ಕಾರ. ನನ್ನದು ಇಎಲ್34 ವಾಲ್ವ್ ಜೋಡಿಯ ಪುಶ್‌ಪುಲ್ ಆಂಪ್ (ಎರಡು ವಾಲ್ವ್ ಎದುರುಬದುರಾಗಿ ಕೆಲಸ ಮಾಡುವ ಬಗೆ), ಬಿ ಪ್ಲಸ್ (ವಾಲ್ವ್‌ಗೆ ಕೊಡುವ ಡಿಸಿ ಹೈವೋಲ್ಟೇಜ್) 430 ವೋಲ್ಟ್. ಮೊನ್ನೆ ಮನೆಯಲ್ಲಿ ಭಜನೆ ಜೋರಾಗಿ ನಡೆದಿದ್ದಾಗ ಯಾರದ್ದೋ ಕಾಲಿಗೆ ಸಿಕ್ಕಿ ಸ್ಪೀಕರ್ ವೈರ್ ಕಿತ್ತು ಬಂತು, ಒಳಗೆ ಚಟ್ ಅಂತ ನೀಲಿ ಕಿಡಿ. ಈಗಲೂ ಹಾಡುತ್ತದೆ, ವಾಲ್ಯೂಮ್ ಏರಿಸಿದರೆ ಮಾತ್ರ ಚರಚರ ಅನ್ನುತ್ತದೆ. ಮೇನ್ಸ್‌ಗೆ ಒಂದು ಎಂಒವಿ (ಅತಿಯಾದ ವೋಲ್ಟೇಜ್ ತಡೆಯುವ ಬಿಡಿಭಾಗ) ಹಾಕಿ ಸಾಕು ಅಂತ ಪಾರ್ಟ್ಸ್ ಅಂಗಡಿಯವರು ಹೇಳಿದರು. ಹೌದಾ?

ಬೀದರ್_ಸೋಲ್ಡರ್:
ಇಲ್ಲ ಸರ್. ಈ ಸ್ಪೈಕ್ (ತಟ್ಟನೆ ಏರುವ ವೋಲ್ಟೇಜ್) ಲೈನಿನಿಂದ ಬಂದದ್ದಲ್ಲ, ಟ್ರಾನ್ಸ್‌ಫಾರ್ಮರೇ ಹುಟ್ಟಿಸಿದ್ದು. ಲೋಡ್ ಇಲ್ಲದಾಗ ವಾಲ್ವ್ ಕರೆಂಟನ್ನು ತಟ್ಟನೆ ಕಡಿದರೆ ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿ) ಕೂತ ಶಕ್ತಿ ಹೋಗಲು ದಾರಿ ಇರಲ್ಲ, ಪ್ಲೇಟ್ (ವಾಲ್ವ್‌ನ ಔಟ್‌ಪುಟ್ ತುದಿ) ವೋಲ್ಟೇಜ್ ಸಾವಿರಗಟ್ಟಲೆ ಏರುತ್ತದೆ. ಮೇನ್ಸ್ ಎಂಒವಿಗೆ ಇದು ಗೊತ್ತೇ ಆಗಲ್ಲ.

ಒಂದೊಂದು ಪ್ಲೇಟಿನಿಂದ ಗ್ರೌಂಡಿಗೆ ಮೂರು 1ಎನ್4007 ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಸರಣಿಯಾಗಿ ಹಾಕಿ. ಬೆಳ್ಳಿ ಪಟ್ಟಿ ಪ್ಲೇಟಿನ ಕಡೆಗೇ ಇರಬೇಕು, ತಿರುಗಿಸಿ ಹಾಕಿದರೆ ಬಿ ಪ್ಲಸ್ ನೇರ ಶಾರ್ಟ್. ಒಂದು ಪ್ಲೇಟ್ ಸೊನ್ನೆಗಿಂತ ಕೆಳಗೆ ಹೋಗಲು ಡಯೋಡ್ ಬಿಡಲ್ಲ, ಎರಡೂ ಪ್ಲೇಟಿನ ಸುರುಳಿ ಒಂದೇ ಕೋರಿನ ಮೇಲಿರುವುದರಿಂದ ಇನ್ನೊಂದು ಪ್ಲೇಟ್ ಹೆಚ್ಚುಕಡಿಮೆ ಬಿ ಪ್ಲಸ್‌ನ ಎರಡರಷ್ಟು, 860 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಜೊತೆಗೆ ಸ್ಪೀಕರ್ ಟರ್ಮಿನಲ್‌ಗೆ ಅಡ್ಡಲಾಗಿ 220 ಓಮ್, 5 ವ್ಯಾಟ್ ರೆಸಿಸ್ಟರ್ ಇರಲಿ. ಶಬ್ದಕ್ಕೆ ಏನೂ ಆಗಲ್ಲ.

ಯಾದಗಿರಿ_ಮೆಕ್ಯಾನಿಕ್:
ಅದೆಲ್ಲ ಆಮೇಲೆ, ಮೊದಲು ವಾಲ್ವ್ ಕೂರುವ ಸಾಕೆಟ್ ನೋಡಿ ಅಣ್ಣಾ. ಇಎಲ್34ರಲ್ಲಿ 3ನೇ ಪಿನ್ ಪ್ಲೇಟು, ಪಕ್ಕದ 2 ಹೀಟರು. ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಬಿದ್ದಿದ್ದರೆ ಅದು ಸುಟ್ಟ ಕಾರ್ಬನ್, ಕರೆಂಟ್ ಅದರ ಮೇಲೇ ಹರಿಯುತ್ತದೆ. ನಿಮ್ಮ ಚರಚರ ಅದೇ ಇರಬೇಕು. ಕೆರೆದು ಉಪಯೋಗವಿಲ್ಲ, ಸಾಕೆಟ್ಟೇ ಬದಲಿಸಿ. ಕೈ ಹಾಕುವ ಮುಂಚೆ ಫಿಲ್ಟರ್ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ಮೀಟರ್‌ನಲ್ಲಿ ನೋಡಿಕೊಳ್ಳಿ, ಇದು ತಮಾಷೆ ಅಲ್ಲ.

ಟ್ರಾನ್ಸ್‌ಫಾರ್ಮರ್‌ಗೆ ಬರೀ ಓಮ್ ನೋಡಿದರೆ ಒಂದೆರಡು ಸುತ್ತು ಶಾರ್ಟ್ ಆಗಿದ್ದು ತಿಳಿಯಲ್ಲ. ವೈರ್ ಎಲ್ಲ ಬಿಚ್ಚಿ ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುರುಳಿ) 1 ವೋಲ್ಟ್ ಎಸಿ ಕೊಡಿ. ಪ್ರೈಮರಿ 6.6 ಕೆ (6600 ಓಮ್), ಸೆಕೆಂಡರಿ 8 ಓಮ್ ಮಾಲು ಆದರೆ ಪ್ರೈಮರಿಯಲ್ಲಿ 28 ವೋಲ್ಟ್ ಆಸುಪಾಸು, ಎರಡೂ ಭಾಗ ಸಮ ಬರಬೇಕು.

ಕಲಬುರಗಿ_ವಾಲ್ವ್:
ಗೆರೆ ಇದೆ! ಇನ್ನೊಂದು ಆಂಪ್‌ನಲ್ಲಿ ಒಂದೇ ಇಎಲ್84 ಇದೆ, ಅದಕ್ಕೂ ಡಯೋಡ್ ಹಾಕಲಾ?

ಬೀದರ್_ಸೋಲ್ಡರ್:
ಸಿಂಗಲ್ ಎಂಡೆಡ್‌ಗೆ (ಒಂದೇ ಔಟ್‌ಪುಟ್ ವಾಲ್ವ್‌ನ ಆಂಪ್) ಡಯೋಡ್ ಸುಮ್ನೆ. ಮೇಲೇರುವ ಸ್ಪೈಕನ್ನು ತಡೆಯಲು ಎದುರಿಗೆ ಇನ್ನೊಂದು ಅರ್ಧ ಇಲ್ಲವಲ್ಲ. ಅಲ್ಲಿ ಪ್ರೈಮರಿಗೆ ಅಡ್ಡಲಾಗಿ ಎಂಒವಿ, ಹೊರಗೆ ಪ್ಲಗ್ ತೆಗೆದರೆ ತಾನೇ ಶಾರ್ಟ್ ಆಗುವ ಜ್ಯಾಕ್. ವಾಲ್ವ್ ಆಂಪ್‌ಗೆ ತೆರೆದ ಲೋಡಿಗಿಂತ ಸ್ವಲ್ಪ ಹೊತ್ತಿನ ಶಾರ್ಟ್ ವಾಸಿ.