ಮಾರಿಸ್ ಮೈನರ್ 1000 ಕೊಳ್ಳುವ ಮುನ್ನ: ತುಕ್ಕು, ಟ್ರನಿಯನ್, ಬ್ರೇಕ್

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್ ಹತ್ತಿರ 1967ರ ಮಾರಿಸ್ ಮೈನರ್ 1000 ಮಾರಾಟಕ್ಕಿದೆ. ನಾಲ್ಕು ಬಾಗಿಲಿನ ಸಲೂನ್, 1098 ಸಿಸಿ. ಪೇಂಟ್ ಹೊಸದು, ಅಡಿಭಾಗಕ್ಕೂ ಈಗಷ್ಟೇ ಕಪ್ಪು ಅಂಡರ್‌ಸೀಲ್ (ತುಕ್ಕು ತಡೆಯುವ ದಪ್ಪ ಲೇಪ) ಬಳಿದಿದ್ದಾರೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದಂತೆ. 40 ವರ್ಷ ದಾಟಿದ ಕಾರಿಗೆ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ಸುರಕ್ಷತಾ ಪರೀಕ್ಷೆ) ಕಡ್ಡಾಯವಲ್ಲ ಅಂತ ಮಾಡಿಸಿಲ್ಲ. ಶನಿವಾರ ನೋಡಲು ಹೋಗುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಹಳೆಯ ಕಾರುಗಳ ಮೆಕ್ಯಾನಿಕ್): ಎಂಜಿನ್ ಕೊನೆಗಿರಲಿ. ಇದರಲ್ಲಿರುವ ಎ-ಸೀರೀಸ್ ಎಂಜಿನ್‌ನ ಬಿಡಿಭಾಗ ಇವತ್ತಿಗೂ ಧಾರಾಳವಾಗಿ ಸಿಗುತ್ತವೆ, ಕೆಟ್ಟರೂ ಅದು ಗೊತ್ತಿರುವ ಖರ್ಚು. ಲೆಕ್ಕ ತಪ್ಪುವುದು ಬಾಡಿಯಲ್ಲಿ. ಮೈನರ್‌ಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹೊಳೆಯುವ ಪೇಂಟಿನ ಕೆಳಗೆ ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಬಾಡಿಯ ಭಾಗ) ಪುಡಿಯಾಗಿದ್ದರೆ ವೆಲ್ಡಿಂಗ್ ಬಿಲ್ಲು ಕಾರಿನ ಬೆಲೆಯನ್ನೇ ಮೀರಬಹುದು.

ಮನೆಯಿಂದ ಹೊರಡುವ ಮೊದಲೇ ನಂಬರ್ ಹಾಕಿ ಸರ್ಕಾರಿ ತಾಣದಲ್ಲಿ ಹಳೆಯ ಎಂಒಟಿ ದಾಖಲೆ ತೆಗೆಯಿರಿ, ಉಚಿತ. 40 ವರ್ಷದ ವಿನಾಯಿತಿ ಬಂದದ್ದು 2018ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚಿನ ವರದಿಗಳಲ್ಲಿ ‘ಸಿಲ್’, ‘ಸ್ಪ್ರಿಂಗ್ ಹ್ಯಾಂಗರ್’ (ಸ್ಪ್ರಿಂಗನ್ನು ಬಾಡಿಗೆ ಜೋಡಿಸುವ ಜಾಗ) ಎಂಬ ಎಚ್ಚರಿಕೆಗಳು ಇದ್ದು, ಆಮೇಲೆ ರಿಪೇರಿಯ ಫೋಟೊ ಆಗಲಿ ಬಿಲ್ಲಾಗಲಿ ಇಲ್ಲದಿದ್ದರೆ ಆ ತೂತು ಇನ್ನೂ ಅಲ್ಲೇ ಇದೆ ಎಂದೇ ತಿಳಿಯಿರಿ.

ಕಾರಿನಡಿ ನೋಡಬೇಕಾದ ಜಾಗಗಳಲ್ಲಿ ಮೊದಲನೆಯದು ಮುಂದಿನ ಸೀಟುಗಳ ಕೆಳಗೆ ಅಡ್ಡಲಾಗಿ ಹೋಗುವ ಕ್ರಾಸ್‌ಮೆಂಬರ್ (ಅಡ್ಡತೊಲೆ). ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಮುಂದಿನ ಟಾರ್ಷನ್ ಬಾರ್‌ಗಳ ಹಿಂತುದಿ ಕೂತಿರುವುದು ಅದರಲ್ಲೇ, ಜಾಕ್ ಕೊಡುವುದೂ ಅದರ ತುದಿಗಳಿಗೇ. ತುದಿಯಲ್ಲಿ ನೀರು ನಿಂತು ಒಳಗಿನಿಂದ ತಿನ್ನುತ್ತದೆ. ಎರಡನೆಯದು ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂದಿನ ಹ್ಯಾಂಗರ್‌ಗಳು, ಹಿಂದಿನ ಸೀಟಿನ ಕೆಳಗೆ. ಕೆಸರು ತುಂಬಿಕೊಳ್ಳುವ ಮೂಲೆ ಅದು. ಮುಂದಿನ ಚಾಸಿ ಲೆಗ್‌ಗಳು (ಬಾಡಿಗೇ ಬೆಸೆದ ಉದ್ದ ತೊಲೆಗಳು), ಒಳಸಿಲ್, ಮುಂದಿನ ರೆಕ್ಕೆಯ (ಚಕ್ರದ ಮೇಲಿನ ಮಡ್‌ಗಾರ್ಡ್) ಹಿಂದೆ ಬಾಗಿಲ ಕಂಬದ ಬುಡ, ಇವೂ ಅಷ್ಟೇ ಮುಖ್ಯ. ಬೋಲ್ಟ್ ಹಾಕಿ ಕೂರಿಸಿದ ಹೊರರೆಕ್ಕೆಯ ತುಕ್ಕಿಗೆ ಅಷ್ಟು ಹೆದರಬೇಕಿಲ್ಲ, ಬಿಚ್ಚಿ ಬದಲಿಸಬಹುದು.

ಮರುಪ್ರಶ್ನೆ: ಎಲ್ಲದರ ಮೇಲೂ ಅಂಡರ್‌ಸೀಲ್ ಇದೆಯಲ್ಲ, ಕಾಣುವುದು ಹೇಗೆ?

ಉತ್ತರ: ಅದೇ ನನಗೂ ಹಿಡಿಸದ ವಿಷಯ. ಮಾರುವ ಮುನ್ನ ಬಳಿದ ಕಪ್ಪು ಅಂದರೆ ಅನುಮಾನ ಪಡಲೇಬೇಕು. ಮಾರುವವರ ಒಪ್ಪಿಗೆ ಕೇಳಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹ ಖಣಿಲ್ ಎನ್ನುತ್ತದೆ, ಕೊಳೆತ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಒಳಗಿನಿಂದ ಕಾರ್ಪೆಟ್ ಎತ್ತಿ ನೆಲವನ್ನೂ ಒಳಸಿಲ್ಲನ್ನೂ ನೋಡಿ, ಅಲ್ಲಿ ಅಂಡರ್‌ಸೀಲ್ ಇರುವುದಿಲ್ಲ. ಸಿಲ್ ಮೇಲೆ ಇನ್ನೊಂದು ತಗಡು ಹೊದಿಸಿ ವೆಲ್ಡ್ ಮಾಡಿದ್ದಾರೆಯೇ ಎಂದು ಅಂಚಿನಲ್ಲಿ ಬೆರಳಾಡಿಸಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ರೆಕ್ಕೆಯ ಕೆಳಭಾಗಕ್ಕೆ ಅಂಟದಿದ್ದರೆ ಪೇಂಟಿನಡಿ ತೂತು ಮುಚ್ಚುವ ಫಿಲ್ಲರ್ ಪೇಸ್ಟ್ ಇದೆ.

ಇನ್ನೊಂದು ಪರೀಕ್ಷೆ: ಬಾಗಿಲು ಮುಚ್ಚಿ ಸುತ್ತಲಿನ ಸಂದು ನೋಡಿಕೊಳ್ಳಿ. ಆಮೇಲೆ ಒಂದು ಪಕ್ಕದ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ಎತ್ತಿ, ಅದೇ ಬಾಗಿಲನ್ನು ತೆರೆದು ಮುಚ್ಚಿ. ಸಂದು ಬದಲಾದರೆ, ಬಾಗಿಲು ಕಂಬಕ್ಕೆ ತಾಗಿದರೆ ಬಾಡಿ ಬಳುಕುತ್ತಿದೆ ಎಂದರ್ಥ. ಜಾಕಿಂಗ್ ಪಾಯಿಂಟೇ ಕರ್ರೆಂದು ಒಳಗೆ ಹೋದರೆ ತಕ್ಷಣ ಇಳಿಸಿ, ಮುಂದೆ ನೋಡುವ ಅಗತ್ಯವಿಲ್ಲ. ಬರೀ ಜಾಕ್ ಮೇಲಿರುವ ಕಾರಿನಡಿ ಮಾತ್ರ ನುಗ್ಗಬೇಡಿ, ಸ್ಟ್ಯಾಂಡ್ ಬೇಕೇ ಬೇಕು.

ಮರುಪ್ರಶ್ನೆ: ಟ್ರನಿಯನ್ ಮುರಿದು ಚಕ್ರ ಮಡಚಿಕೊಳ್ಳುತ್ತದೆ ಅಂತ ಕೇಳಿದ್ದೇನೆ. ನಿಜವೇ?

ಉತ್ತರ: ನಿಜ. ಮುಂದಿನ ಚಕ್ರವನ್ನು ಹೊತ್ತಿರುವ ನಿಂತ ಕಡ್ಡಿ, ಅಂದರೆ ಸ್ವಿವೆಲ್ ಪಿನ್, ಮೇಲೂ ಕೆಳಗೂ ಟ್ರನಿಯನ್ ಎಂಬ, ತಿರುಪಿನ ಮರೆ (ಥ್ರೆಡ್) ಇರುವ ಲೋಹದ ತುಂಡಿನೊಳಗೆ ತಿರುಗುತ್ತದೆ. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ, ಒಂದು ದಿನ ಪಿನ್ ಕೆಳಗಿನ ಟ್ರನಿಯನ್‌ನಿಂದ ಕಿತ್ತು ಬಂದು ಚಕ್ರ ರೆಕ್ಕೆಯಡಿ ಮಡಚಿಕೊಳ್ಳುತ್ತದೆ. ಪರೀಕ್ಷಿಸುವಾಗ ಜಾಕನ್ನು ಬಾಡಿಗಲ್ಲ, ಚಕ್ರಕ್ಕೆ ಹತ್ತಿರವಾಗಿ ಕೆಳಗಿನ ಸಸ್ಪೆನ್ಷನ್ ತೋಳಿಗೆ ಕೊಡಿ. ಬಾಡಿಗೆ ಕೊಟ್ಟರೆ ಟಾರ್ಷನ್ ಬಾರ್ ತೋಳನ್ನು ಕೆಳಕ್ಕೆ ಒತ್ತಿ ಹಿಡಿದು ಸಡಿಲವನ್ನು ಮುಚ್ಚಿಹಾಕುತ್ತದೆ. ಟೈರಿನಡಿ ಉದ್ದದ ಸನ್ನೆಕೋಲು ಇಟ್ಟು ಮೇಲಕ್ಕೆತ್ತಿ. ಪಿನ್ ಟ್ರನಿಯನ್‌ನಲ್ಲಿ ಮೇಲೆ ಕೆಳಗೆ ಕುಲುಕಿದರೆ ಬದಲಿಸದೆ ಓಡಿಸಬೇಡಿ. ಎಡಬಲದ ಭಾಗಗಳು ಬೇರೆಬೇರೆ, ಅದಲುಬದಲಾಗಬಾರದು. ಕೊಂಡ ಮೇಲೆ 1000 ಮೈಲಿಗೊಮ್ಮೆ, ಚಕ್ರದ ಭಾರ ಇಳಿಸಿ ಗ್ರೀಸ್ ಹೊಡೆಯಿರಿ, ಹಳೆಯದು ಹೊರಗೆ ಬರುವ ತನಕ. ಇನ್ನು ಮುಂದಿನ ಶಾಕ್ ಅಬ್ಸಾರ್ಬರ್‌ನ ತೋಳೇ ಮೇಲಿನ ಸಸ್ಪೆನ್ಷನ್ ತೋಳು. ಅದರಿಂದ ಎಣ್ಣೆ ಸೋರುತ್ತಿದೆಯೇ ಎಂದೂ ನೋಡಿ.

ಬ್ರೇಕ್ ನಾಲ್ಕೂ ಡ್ರಮ್, ಸರ್ಕ್ಯೂಟ್ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಪೆಡಲ್ ಒತ್ತಿದಾಗ ಫ್ಲೂಯಿಡನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ ಚಾಸಿ ಲೆಗ್ ಒಳಗಿದೆ, ಹಾಗಾಗಿ ಫ್ಲೂಯಿಡ್ ಮಟ್ಟ ನೋಡಲು ಕಾರ್ಪೆಟ್ ಎತ್ತಬೇಕು, ಬಹಳ ಜನ ನೋಡುವುದೇ ಇಲ್ಲ. ಪೆಡಲನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ನಿಧಾನಕ್ಕೆ ಕುಸಿಯುತ್ತ ಹೋದರೆ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಇನ್ನೊಬ್ಬ ಸದಸ್ಯ: ಎಂಜಿನ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹೋದಾಗ ಬಾನೆಟ್ ಮುಟ್ಟಿ ನೋಡಿ, ಮೊದಲೇ ಬಿಸಿಯಾಗಿದ್ದರೆ ತಣ್ಣಗಾಗುವ ತನಕ ಕಾಯಿರಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಎಂಜಿನ್ ಜೋರಾಗಿ ಎಳೆಯುವಾಗ ಹೊಗೆ ಬಿಡದೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸುವ ವ್ಯವಸ್ಥೆ) ಇಲ್ಲ, ಚಲಿಸುವಾಗ ಹಾಕಿದರೆ ಕಿರುಗುಟ್ಟುವುದು ದೋಷವಲ್ಲ. ಸ್ಟಾಂಡರ್ಡ್ ಕಾರಿಗೆ ಡೈನಮೊ ಮತ್ತು ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿರುತ್ತದೆ). ಆಲ್ಟರ್ನೇಟರ್ ಹಾಕಿದ್ದರೆ ನೆಗೆಟಿವ್‌ಗೆ ಬದಲಾಗಿರುತ್ತದೆ, ಜಂಪ್ ಲೀಡ್ ಹಚ್ಚುವ ಮುನ್ನ ಖಚಿತ ಮಾಡಿಕೊಳ್ಳಿ.

ಮರುಪ್ರಶ್ನೆ: ಅದೇ ಬೆಲೆಗೆ ಒಂದು ಟ್ರಾವೆಲರ್ (ಮೈನರ್‌ನ ಎಸ್ಟೇಟ್ ಮಾದರಿ) ಕೂಡ ಇದೆ. ಮರದ ಚೌಕಟ್ಟು ಅಲಂಕಾರಕ್ಕೆ ತಾನೆ?

ಉತ್ತರ: ಅಲ್ಲ. ಆ ಆಶ್ ಮರ ಹಿಂಭಾಗದ ಬಾಡಿಯನ್ನೇ ಹಿಡಿದುಕೊಂಡಿದೆ, ಕೊಳೆತರೆ ಎಂಒಟಿಯಲ್ಲಿ ಫೇಲ್. ಕೆಳಗಿನ ಪಟ್ಟಿ, ಚಕ್ರದ ಕಮಾನಿನ ಮೇಲ್ಭಾಗ, ಹಿಂದಿನ ಮೂಲೆಗಳ ಕೀಲು, ಇಲ್ಲಿ ಕಪ್ಪು ಕಲೆ ಕಂಡರೆ ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ವಾರ್ನಿಶ್‌ನಿಂದ ಸರಿಹೋಗುವುದಿಲ್ಲ, ಮರವನ್ನೇ ಬದಲಿಸಬೇಕು. ಆ ಖರ್ಚಿಗೆ ತಯಾರಿಲ್ಲದಿದ್ದರೆ ಸಲೂನೇ ಮೇಲು.

ಮರುಪ್ರಶ್ನೆ: ಊರಿನಲ್ಲಿ ಬೇಬಿ ಹಿಂದುಸ್ತಾನ್ ಎನ್ನುತ್ತಿದ್ದರಲ್ಲ, ಅದಕ್ಕೂ ಇದೇ ಪರೀಕ್ಷೆಯೇ?

ಉತ್ತರ: ಹೌದು, ಹಿಂದುಸ್ತಾನ್ ಮೋಟರ್ಸ್ ತಂದ ಬೇಬಿ ಹಿಂದುಸ್ತಾನ್ ಮಾರಿಸ್ ಮೈನರೇ. ಟಾರ್ಷನ್ ಬಾರ್, ಟ್ರನಿಯನ್ ಎಲ್ಲ ಅದೇ ಕ್ರಮ. ಎಂಜಿನ್ ಮಾತ್ರ 1098 ಅಲ್ಲ, ಆದ್ದರಿಂದ ಎಂಜಿನ್ ಭಾಗ ತರಿಸುವ ಮುನ್ನ ಎಂಜಿನ್ ನಂಬರ್ ನೋಡಿಕೊಳ್ಳಿ.

ಲೆಸ್ಟರ್ ಕಾರಿನ ಬಗ್ಗೆ ಕೊನೆಯದಾಗಿ: ಕಡ್ಡಾಯವಲ್ಲದಿದ್ದರೂ ಸ್ವಇಚ್ಛೆಯಿಂದ ಎಂಒಟಿ ಮಾಡಿಸಬಹುದು. ಖರ್ಚು ನಾನೇ ಕೊಡುತ್ತೇನೆ ಎಂದು ಮಾರುವವರಿಗೆ ಹೇಳಿ. ಸಸ್ಪೆನ್ಷನ್ ಮೌಂಟ್‌ನ 30 ಸೆಂ.ಮೀ. ಒಳಗಿನ ತುಕ್ಕನ್ನು ಪರೀಕ್ಷಕರು ವಿಶೇಷವಾಗಿ ನೋಡುತ್ತಾರೆ, ನಿಮಗೆ ಬೇಕಾದ ಜಾಗವೂ ಅದೇ. ಅದಕ್ಕೆ ಒಪ್ಪದಿದ್ದರೆ ಮುಂಗಡ ಕೊಡಬೇಡಿ.